ಗೋಡೆ ಹಿಡಿದು ನಡೆಯುವ ಕೈ

ರೋಲರ್ ಚರ್ರ್ ಚರ್ರ್ ಅಂತ ಪಡಸಾಲೆಯ ಛತ್ತಿಗೆ ತಿರುಗುತ್ತಿದೆ, ಹಸಿ ಬಣ್ಣದ ವಾಸನೆಗೆ ಮೂಗು ಉರಿಯುತ್ತಿದೆ, ನಿನ್ನೆ ಪೇಂಟರ್ ಭಾಗಣ್ಣ ಗೋಡೆಗೆ ಬಳಿದ ನಮೂನೆಗಳು ಒಣಗಿ ನನ್ನನ್ನೇ ನೋಡುತ್ತಿವೆ — ರೋಲರಿನದು ನುಣ್ಣಗೆ, ಸ್ಪಂಜಿನದು ಚುಕ್ಕೆ ಚುಕ್ಕೆ, ದಪ್ಪ ಬಣ್ಣದ ಮೇಲೆ ಅರಿವೆ ಉರುಳಿಸಿದ್ದು ಗಂಟು ಗಂಟು, ಬಾಚುವ ಹಣಿಗೆ ಎಳೆದದ್ದು ಗೆರೆ ಗೆರೆ — ಯಾವ್ದು ಮಾಡೋಣ್ರಿ ಅಕ್ಕಾರ, ಲಗೂ ಹೇಳ್ರಿ, ಹೊತ್ತು ಹೋಗ್ಲಿಕತ್ತದ, ತಡಿಯಪ್ಪಾ, ಸೀರೆ ಆರಿಸಲಿಕ್ಕೇ ಅರ್ಧ ದಿನ ತಗೊಳ್ಳುವವಳು ನಾನು, ಇದು ಗೋಡೆ, ಬ್ಯಾಡ ಅಂತ ಮಡಚಿಡಲಿಕ್ಕೆ ಆಗುತ್ತದೆಯೇ, ಗಂಡ ರತ್ನದೀಪನಿಗೆ ನುಣ್ಣಗೇ ಬೇಕು, ಕನ್ನಡಿ ಹಾಗೆ ಮಿಂಚಬೇಕು ಅಂತ ಹೇಳಿ ಡ್ಯೂಟಿಗೆ ಹೋದ, ಅವನ ಅವ್ವ ಒಳಗೆ ಮಂಚದ ಮೇಲೆ ಕೂತಿದ್ದಾಳೆ, ಈ ಮನೆಗೆ ಬಂದಾಗಿನಿಂದ ಕೂತೇ ಇದ್ದಾಳೆ, ಯಂಕಮ್ಮ ಸುಮ್ಮನೆ ಕೂತದ್ದನ್ನು ಶಹಾಬಾದದಲ್ಲಿ ಯಾರು ಕಂಡಿದ್ದರು! ಕಣ್ಣು ಹೋದ ಮೇಲೂ ಅಲ್ಲಿನ ಕಲ್ಲಿನ ಮನೆಯಲ್ಲಿ ಗೋಡೆ ಮೇಲೆ ಕೈಯಾಡಿಸುತ್ತ ತಿರುಗುತ್ತಿದ್ದಳು, ಮೂಲೆ ಒಡೆದ ಕಲ್ಲು ಸಿಕ್ಕರೆ ಅಡಿಗೆಮನೆ, ಸಂದಿಯಲ್ಲಿ ಬೆರಳು ಇಳಿದರೆ ಬಚ್ಚಲು, ಪುಂಡಿಪಲ್ಯಾಕ್ಕ ಉಪ್ಪು ಕಮ್ಮಿ ಹಾಕೀದಿ ಅಂತ ಹಿಂದಿನಿಂದ ಬಂದು ಬೈಯುವವಳು, ಆಗ ಮೈ ಉರಿಯುತ್ತಿತ್ತು, ಈಗ ಆ ಬೈಗುಳಕ್ಕೇ ಜೀವ ಕಾಯುತ್ತಿದೆ. ಇಲ್ಲಿ ಸೇಡಂನ ಹೊಸ ಮನೆಯಲ್ಲಿ ಮೊದಲ ದಿನ, ಬಣ್ಣಕ್ಕೆ ಮೊದಲು ಪುಟ್ಟಿ ತೀಡಿದ ಗೋಡೆ ಹಿಡಿದು ಹೊರಟಳು, ಎಲ್ಲಾ ಕಡೆ ಒಂದೇ ನುಣುಪು, ಬಚ್ಚಲು ಹುಡುಕುತ್ತ ಬೀದಿ ಬಾಗಿಲಿಗೆ ಬಂದು ನಿಂತಳು, ಗೋಡೆ ತಪ್ಪಿದ ಕೈ ಗಾಳಿಯಲ್ಲಿ ಹಾಗೇ — ಇದು ಗ್ವಾಡೀನೇ ಅಲ್ಲ ಲುಂಬಿನಿ, ಇದು ಏನೂ ಹೇಳಂಗಿಲ್ಲ — ಆ ಕೈ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಅಲ್ಲ, ನಾನೂ ಎಂಥ ದಡ್ಡಿ, ಮುಂಜಾನೆಯಿಂದ ಕತ್ತು ಓರೆ ಮಾಡಿ ನೋಡಿದ್ದೇ ನೋಡಿದ್ದು, ಒಮ್ಮೆಯಾದರೂ ಮುಟ್ಟಿದೆನೇ, ಕಣ್ಣು ಮುಚ್ಚಿ ಬೆರಳಾಡಿಸುತ್ತೇನೆ, ರೋಲರಿನದು ನುಣುಪು, ಸ್ಪಂಜಿನದೂ ನುಣುಪು, ಗಂಟು, ಗೆರೆ — ಭಾಗಣ್ಣಾ, ಗೋಡೆಯೆಲ್ಲಾ ರೋಲರ್ ಹೊಡಿ, ಆದರೆ ಅತ್ತಿ ಕೈ ಎತ್ತರಕ್ಕೆ ಒಂದು ಪಟ್ಟಿ ಬಿಡು, ಅಡಿಗೆಮನೆ, ಬಚ್ಚಲು, ಎರಡು ದಾರಿ, ಒಂದಕ್ಕೆ ಹಣಿಗೆ, ಒಂದಕ್ಕೆ ಅರಿವೆ, ಏ ಹಿಂಗ ಯಾರೂ ಮಾಡ್ಸಂಗಿಲ್ರಿ ಅಕ್ಕಾರ, ಚಂದ ಕಾಣಂಗಿಲ್ಲ, ಕಾಣದಿದ್ದರೆ ಬಿಡಪ್ಪಾ, ರತ್ನದೀಪನಿಗೆ ನಾನು ಹೇಳಿಕೊಳ್ಳುತ್ತೇನೆ, ಅತ್ತೀ ಏಳ್ರಿ, ಕೈ ಕೊಡ್ರಿ, ಹೇಳ್ರಿ ಯಾವುದಕ್ಕ ಯಾವುದು, ಅವಳ ಬೆರಳು ನುಣ್ಣಗಿನದರ ಮೇಲೆ ಜಾರಿತು, ಗೆರೆಗಳನ್ನು ದಾಟಿತು, ಗಂಟುಗಳ ಮೇಲೆ ತಡೆಯಿತು, ಹಿಂದೆ ಹೋಗಿ ಮತ್ತೆ ಬಂತು — ಅಡಗೀಮನಿ ದಾರಿಗಿ ಇದನ್ನ ಹಾಕ್ಸು, ನಿನ್ನ ಪಲ್ಯಾದ ಉಪ್ಪು ನೋಡಬೇಕು ನಾ — ಅಯ್ಯೋ ನನ್ನವ್ವಾ, ನಗು ಬರುತ್ತಿದೆ, ಅಳುವೂ, ನನ್ನ ಕೈ ಬಿಟ್ಟಳು, ಬಿಟ್ಟೇ ಬಿಟ್ಟಳು, ಗೋಡೆ ಮೇಲೆ ಅವಳ ಕೈ, ಐದೂ ಬೆರಳು ಅಗಲಿಸಿ, ಆ ಕೈ —