ಬೇಳೆಯಲ್ಲಿ ಉಳಿದ ತೂಕದ ಕಲ್ಲು

ಐದು ತೊಲೆಯ ಕಬ್ಬಿಣದ ಕಲ್ಲು ಚೀಲದಲ್ಲಿರಲಿಲ್ಲ. ಅಲಕಾ ತಕ್ಕಡಿಯನ್ನು ನೆಲಕ್ಕಿಟ್ಟು ಇನ್ನೊಮ್ಮೆ ತಡಕಾಡಿದಳು.

"ಏನ್ ಕಳೀತ್ರಿ ಬಾಯಾರ?" ಸಾತವ್ವ ಕೇಳಿದಳು. ಅವಳ ಮಡಿಲಲ್ಲಿ ಎರಡು ತಿಂಗಳ ಕೂಸು ಮೊಲೆ ಕುಡಿಯುತ್ತಿತ್ತು.

"ಸಣ್ಣ ಕಲ್ಲು. ನಿನ್ನಿ ಇಲ್ಲೇ ಬ್ಯಾಳಿ ತೂಗಿದ್ದೆ."

"ಕಬ್ಬಿಣಾ ತಿನ್ನೋರು ನಮ್ಮನ್ಯಾಗ ಯಾರೂ ಇಲ್ಲ ಬಿಡ್ರಿ."

ಅಲಕಾ ನಕ್ಕಳು. ಜಮಖಂಡಿಯ ಹುಡುಗಿ, ಬಡೋದೆಯಲ್ಲಿ ಆಹಾರಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಒಂದು ಮನೆಯವರು ಏಳು ದಿನ ಏನು ಉಣ್ಣುತ್ತಾರೆಂದು ತೂಗಿ ಬರೆಯಲು ಗಲಗಲಿ ಎಂಬ ಊರಿಗೆ ಬಂದಿದ್ದಳು. ಪಾಸಾದರೆ ಮುಂಬಯಿಯ ಆಸ್ಪತ್ರೆಯಲ್ಲಿ ರೋಗಿಗಳ ಪಥ್ಯ ನೋಡುವ ಡಾಯಟಿಶಿಯನ್ ಕೆಲಸ. ಇವತ್ತು ಆರನೆಯ ದಿನ.

ಇಳಿದುಕೊಂಡದ್ದು ಸೋದರತ್ತೆ ರಾಧಾಬಾಯಿಯ ಮನೆಯಲ್ಲಿ. "ಕುರುಬರ ಮನ್ಯಾಗ ನೀರೂ ಮುಟ್ಟಬ್ಯಾಡ. ಉಣ್ಣೂ ಹೊತ್ತಿಗೆ ಮನಿಗೆ ಬಂದುಬಿಡು" ಎಂದು ಅತ್ತೆ ಮೊದಲ ದಿನವೇ ಹೇಳಿದ್ದಳು. ಹಾಗಾಗಿ ಅಲಕಾ ಹಿಟ್ಟು, ಬೇಳೆ, ಎಣ್ಣೆ ತೂಗಿ ಬರೆದು, ಗಡಿಗೆ ಒಲೆಗೇರುವ ಮೊದಲೇ ಎದ್ದು ಹೋಗುತ್ತಿದ್ದಳು.

ಸಾತವ್ವನ ಹಿರಿಮಗಳು, ಮೂರು ವರ್ಷದ ಲಗಮವ್ವ, ಕೂರಿಸಿದ ಕಡೆಯೇ ಗೋಡೆಗೆ ಒರಗಿ ಕುಳಿತಿದ್ದಳು. ಅಲಕಾ ಅವಳನ್ನು ಬಟ್ಟೆಯ ಜೋಲಿಯಲ್ಲಿ ತೂಗಿದಳು. ಐದು ದಿನಕ್ಕೆ ಒಂದೂವರೆ ಪೌಂಡು ಏರಿತ್ತು.

"ಮೈ ತುಂಬ್ಯಾಳ ನೋಡ್ರಿ ನನ್ನ ಮಗಳು!"

ಲಗಮವ್ವನ ತುಟಿಯ ಮೇಲೆ ನೊಣ ಕುಳಿತಿತ್ತು. ಮಗು ಕೈ ಎತ್ತಲಿಲ್ಲ. ಅಲಕಾಳ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ, ನಿನ್ನೆಯಂತೆಯೇ, "ಬೆಳವಣಿಗೆ ಸಮಾಧಾನಕರ" ಎಂದು ಬರೆಯಿತು.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ನೆರೆಮನೆಯ ಕರೆವ್ವ ಬಂದಳು. "ಸಾತೀ, ನಿನ್ನಿ ನೀ ಹೊಳ್ಳಿ ಕೊಟ್ಟ ಬ್ಯಾಳ್ಯಾಗ ಇದು ಬಂದೈತಿ ನೋಡಬೇ. ಇದ್ದೆರಡು ಹಲ್ಲೂ ಹೋಗ್ತಿದ್ದುವು!"

ಅವಳ ಅಂಗೈಯಲ್ಲಿ ಐದು ತೊಲೆಯ ಕಲ್ಲಿತ್ತು. ಅಲಕಾಳನ್ನು ಕಂಡದ್ದೇ ಕರೆವ್ವ ನಾಲಿಗೆ ಕಚ್ಚಿಕೊಂಡಳು.

ಸಾತವ್ವ ಸೆರಗು ಸರಿಮಾಡಿಕೊಂಡಳು.

"ತೂಗಾಕ ಬಂದವ್ರ ಮುಂದ ಬರೇ ಗಂಗಾಳ ಇಡಾಕ ಆಗ್ತೈತೇನ್ರಿ? ಕರೆವ್ವನ ಕಡಿಂದ ಬ್ಯಾಳಿ ಇಸ್ಕೊಂಡು, ನೀವು ಹೋದ ಮ್ಯಾಲ ಹೊಳ್ಳಿ ಕೊಡ್ತಿದ್ದೆ."

"ಐದೂ ದಿನಾ?"

"ಹೌದ್ರಿ."

"ಹಂಗಾರ ಲಗಮವ್ವ ಏನ್ ಉಂಡಾಳ?"

"ನುಚ್ಚಿನ ಗಂಜಿ. ಕೂಸು ಹೊಟ್ಟ್ಯಾಗ ನಿಂತಾಗ ಇಕಿಗೆ ಮೊಲಿ ಬಿಡಿಸಿದೆ. ಇಕಿ ಅಪ್ಪ ಕುರಿ ಹೊಡಕೊಂಡು ದೂರ ಹೋಗ್ಯಾನ್ರಿ, ಹಾಲು ಎಲ್ಲಿಂದ ತರ್ಲಿ?" ಸಾತವ್ವನ ದನಿ ಕುಗ್ಗಿತು. "ಆದ್ರೂ ಮೈ ತುಂಬೈತೆಲ್ರಿ?"

ಅಲಕಾ ಮಗುವಿನ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ನಾದಿದ ಹಿಟ್ಟಿನಲ್ಲಿ ಬೆರಳೂರಿದಂತೆ ಕುಳಿ ಹಾಗೆಯೇ ನಿಂತಿತು. ತರಗತಿಯಲ್ಲಿ ಇದರ ಚಿತ್ರ ನೋಡಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಬೇಳೆಯಿಲ್ಲದೆ, ಹಾಲಿಲ್ಲದೆ ಬರೀ ಗಂಜಿಯ ಮೇಲಿದ್ದ ಮಗುವಿಗೆ ತುಂಬುವುದು ಮಾಂಸವಲ್ಲ, ನೀರು. ದಿನವೂ ಸಂತೋಷದಿಂದ ಅವಳು ಬರೆದಿಟ್ಟದ್ದು ಆ ನೀರಿನ ತೂಕ.

"ಆಟಾ ಬಿಟ್ಟು ಎಷ್ಟು ದಿನಾ ಆತು?"

"ಎಂಟ್ಹತ್ತು ದಿನಾ ಆತೇನೋ. ನೀವು ಬಂದಾಗಿಂದ ಅತ್ತೂ ಇಲ್ಲರಿ. ಶಾಣ್ಯಾ ಆಗ್ಯಾಳ ಅನ್ಕೊಂಡಿದ್ದೆ."

"ಇದು ಮೈ ತುಂಬಿದ್ದಲ್ಲ ಸಾತವ್ವಾ, ನೀರು ತುಂಬಿದ್ದು. ಕರೆವ್ವಾ, ಗಾಡಿ ಕಟ್ಟಸು. ಜಮಖಂಡಿ ದವಾಖಾನಿಗೆ ಹೋಗಬೇಕು. ಈಗ!"

ಗಾಡಿ ಊರು ದಾಟುವ ಮೊದಲು ಅಲಕಾ ಅತ್ತೆಯ ಅಡಿಗೆಮನೆಗೆ ನುಗ್ಗಿ ಹಾಲಿನ ತಂಬಿಗೆ ಎತ್ತಿ ತಂದಳು. ರಾಧಾಬಾಯಿ ಹಿಂದಿನಿಂದ ಕೂಗುತ್ತಲೇ ಇದ್ದಳು. ಅಲಕಾ ಲಗಮವ್ವನನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಹಸಿದ ಮಗುವಿನ ಮೈ ನೀರು ತುಂಬಿ ಭಾರವಾಗಿತ್ತು.

"ಹಂಗಾರ ತೂಕ ಈಗ ಇಳೀಬೇಕೇನ್ರಿ?" ಸಾತವ್ವ ಕೇಳಿದಳು.

"ಹೂಂ. ಮೊದಲು ಆ ನೀರು ಇಳೀಬೇಕು."

"ಎಷ್ಟು ದಿನಾ ಬೇಕಾಗ್ತೈತ್ರಿ?"

ಅಲಕಾ ಇನ್ನೊಂದು ಚಮಚ ಹಾಲು ಮಗುವಿನ ಬಾಯಿಗೆ ಹಾಕಿದಳು. "ನುಂಗವ್ವಾ, ನುಂಗು" ಎಂದು ಸಾತವ್ವ ಮಗಳ ಗಂಟಲು ನೀವಿದಳು. ಹಾಲು ತುಟಿಯಂಚಿನಿಂದ ಇಳಿದು ಅಲಕಾಳ ಸೀರೆಯನ್ನು ತೋಯಿಸಿತು. ಜಮಖಂಡಿ ಇನ್ನೂ ದೂರವಿತ್ತು.