ಬೀದಿಗೊಪ್ಪುವ ಕ್ಯಾಮ್

“ಭಾವ, ಕಣ್ಣು ನೆಟ್ಟಗಿದ್ಯಾ? ನೀವು ಎತ್ಕೊಂಡಿರೋದು ಸಣ್ಣ ಕ್ಯಾಮು!”

ಬಾಮೈದ ಕೂಗಿದ ಕೂಗಿಗೆ ಶೆಡ್ಡಿನ ತಗಡಿನ ಮಾಡು ಅರ್ಧ ಅಡಿ ಮೇಲೆದ್ದು ಮತ್ತೆ ಕುಳಿತುಕೊಂಡಿತು. ಊರೆಲ್ಲ ಬಡಾಯಿ ಮೇಸ್ತ್ರಿ ಎಂದು ಕರೆಯುವ ಭಾವ ಮಾತ್ರ ಅಲ್ಲಾಡಲಿಲ್ಲ. ಕೈಯಲ್ಲಿದ್ದುದನ್ನು ಹಳೆಯ ದುಪ್ಪಟಿಯ ತುದಿಯಿಂದ ಒರೆಸುತ್ತಲೇ ಇದ್ದ. ದೊಡ್ಡದು ಮೇಜಿನ ಮೇಲೆ, ಮಹಾರಾಜನ ರಾಜದಂಡದ ಹಾಗೆ ಮಿರಿಮಿರಿ ಮಿಂಚುತ್ತ ಮಲಗಿತ್ತು.

ಕ್ಯಾಮ್ ಎಂದರೆ ಎಂಜಿನ್ನಿನ ಉಸಿರಾಟದ ಯಜಮಾನ. ಉಕ್ಕಿನ ದಂಡ, ಅದರ ಮೈತುಂಬ ಮೊಟ್ಟೆಯಾಕಾರದ ಉಬ್ಬುಗಳು. ಉಬ್ಬು ತಿರುಗಿ ಬಂದು ಒತ್ತಿದಾಗ ವಾಲ್ವ್ ಬಾಯಿ ತೆರೆಯುತ್ತದೆ. ಉಬ್ಬು ದೊಡ್ಡದಾದರೆ ಬಾಯಿ ಹೆಚ್ಚು ಹೊತ್ತು ತೆರೆದೇ ಇರುತ್ತದೆ. ಓಡುವಾಗ ಎಂಜಿನ್ ಗಾಳಿಯನ್ನು ಗಟಗಟ ಕುಡಿದು ಹುಲಿಯಾಗುತ್ತದೆ, ನಿಂತಾಗ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತದೆ. ಸಣ್ಣ ಕ್ಯಾಮ್ ಹಾಕಿದರೆ ಬೀದಿಯಲ್ಲಿ ಬೆಣ್ಣೆ, ಪಂದ್ಯದಲ್ಲಿ ಬಾಲಂಗೋಚಿ.

“ನಾನು ಕಟ್ಟಿದ್ರೆ ಸಣ್ಣ ಕ್ಯಾಮೂ ಗುಡುಗುತ್ತೆ ಕಣೋ,” ಎಂದ ಮೇಸ್ತ್ರಿ.

“ಗೊರಕೆ ಹೊಡೆಯುತ್ತೆ! ಈ ಭಾನುವಾರದ್ದೇ ಕಡೇ ಓಟ. ಆಮೇಲೆ ಆ ಹಳೇ ರನ್‌ವೇಗೆ ಬೇಲಿ ಹಾಕ್ತಾರೆ. ದೊಡ್ಡದು ಬರ್ಲಿ, ದೊಡ್ಡದು ಬರ್ಲಿ ಅಂತ ವರ್ಷಗಟ್ಟಲೆ ನನ್ನ ತಲೆ ತಿಂದು, ಈಗ ಬಂದ್ಮೇಲೆ ಮೂಲೆಗೆ ಹಾಕ್ತೀರಾ?”

ಅವನು ಹೇಳಿದ್ದು ನ್ಯಾಯವೇ. ವಿಮಾನಗಳು ಬಿಟ್ಟುಹೋದ ಆ ರನ್‌ವೇ ಮೇಲೆ ಭಾವ ಕಟ್ಟಿದ ಕಾರನ್ನು ಬಾಮೈದ ಓಡಿಸುತ್ತಿದ್ದ. ಮಿಕ್ಕ ದಿನ ಮನೆಮಂದಿ ಓಡಾಡುವುದೂ ಅದೇ ಕಾರಿನಲ್ಲಿ. ಪ್ರತಿ ಸಲ ಕೂದಲೆಳೆಯಲ್ಲಿ ಸೋಲುತ್ತಿದ್ದರು. ಆ ಕೂದಲೆಳೆಯೇ ದೊಡ್ಡ ಕ್ಯಾಮು. ಹಾಗೆಂದು ಮೇಸ್ತ್ರಿ ಎಂದಾದರೂ ಸೋತೆನೆಂದು ಒಪ್ಪಿದ್ದುಂಟೇ? ಅವನ ಎಂಜಿನ್ ಶುರುವಾದರೆ ಮೂರು ಊರಿನಾಚೆಯ ಹಸುಗಳೆಲ್ಲ ಹಗ್ಗ ಕಿತ್ತುಕೊಂಡು ಓಡುತ್ತಿದ್ದವಂತೆ. ಶೆಡ್ಡಿಗೆ ಅಂಟಿಕೊಂಡ ಕೋಣೆಯ ಕಿಟಕಿಯಿಂದ ಹೆಂಡತಿ, “ಒಂದು ಹಸು. ಅದೂ ಪಕ್ಕದ ಮನೇದು. ಅದಕ್ಕೆ ಹಗ್ಗಾನೇ ಕಟ್ಟಿರ್ಲಿಲ್ಲ,” ಎನ್ನುತ್ತಿದ್ದಳು. ಯಾವ ಬಡಾಯಿಯನ್ನಾದರೂ ಅವನು ಮೊದಲು ಅವಳ ಮುಂದೆ ಬಿಚ್ಚುವುದು, ಅವಳು ಕತ್ತರಿಸಿ ಅಳತೆಗೆ ತರುವುದು, ಆಮೇಲೆ ಅವನು ಕತ್ತರಿಸಿದ್ದನ್ನೆಲ್ಲ ಮತ್ತೆ ಹೊಲಿದುಕೊಂಡು ಬೀದಿಗೆ ಹೋಗುವುದು. ಸಂಸಾರ ನಡೆದದ್ದೇ ಹೀಗೆ.

ಈಗ ಅವಳ ಮಂಚ ಆ ಕಿಟಕಿಯ ಪಕ್ಕದಲ್ಲೇ ಇತ್ತು. ರೋಗ ಬೆನ್ನೆಲುಬಿಗೆ ಇಳಿದಿತ್ತು. ಹೋದ ವಾರ ಆಸ್ಪತ್ರೆಯಿಂದ ಬಂದವನೇ ಮೇಸ್ತ್ರಿ ಬೀದಿಗೆಲ್ಲ ಸಾರಿದ್ದ: ಚಿಕಿತ್ಸೆ ಮುಗಿಯಿತು, ರೋಗ ಇವಳನ್ನು ನೋಡಿಯೇ ಬಾಲ ಮುದುರಿಕೊಂಡು ಓಡಿತು, ದೊಡ್ಡ ಡಾಕ್ಟರೇ ಬೆರಗಾದರು! ಡಾಕ್ಟರು ವರಾಂಡದಲ್ಲಿ ಅವನೊಬ್ಬನನ್ನೇ ಕರೆದು ಹೇಳಿದ್ದು ಬೇರೆ. ಔಷಧಿ ಇನ್ನು ನಾಟುವುದಿಲ್ಲ. ಮನೆಯಲ್ಲಿ ನೋವಾಗದ ಹಾಗೆ ನೋಡಿಕೊಳ್ಳಿ.

“ದೊಡ್ಡದೇ ಹಾಕ್ರಿ,” ಎಂದಳು ಕಿಟಕಿಯಿಂದ.

“ನೀನು ಸುಮ್ನಿರೇ. ದೊಡ್ಡದು ಹಾಕಿದ್ರೆ ಬ್ರೇಕು ಕಲ್ಲಾಗುತ್ತೆ, ಕಾರು ಜಗ್ಗಿ ಜಗ್ಗಿ ನಿಲ್ಲುತ್ತೆ. ಸಿಗ್ನಲ್ಲಲ್ಲಿ ನಿಂತ್ರೆ ಸೀಟೆಲ್ಲ ಕುಣಿಯುತ್ತೆ. ನಿನ್ನ ಬೆನ್ನು ತಡೆಯುತ್ತಾ?”

“ನನ್ನ ಬೆನ್ನು ಇನ್ನೆಷ್ಟು ದಿನ ಆ ಸೀಟಲ್ಲಿ ಕೂರುತ್ತೆ?”

ಬಾಮೈದ ಕೈ ಒರೆಸುವ ಬಟ್ಟೆಯನ್ನು ಹುಡುಕುವವನಂತೆ ಹೊರಗೆ ಹೋದ. ಬಟ್ಟೆ ಅವನ ಹೆಗಲ ಮೇಲೇ ಇತ್ತು.

“ಎಷ್ಟು ದಿನ ಅಂದ್ರೆ?” ಮೇಸ್ತ್ರಿಯ ದನಿ ಏರಿತು. “ಮಳೆ ನಿಂತ ಮೇಲೆ ನಿಮ್ಮಕ್ಕನ ಮನೆಗೆ ಹೋಗ್ಬೇಕು. ಆಮೇಲೆ ಸಮುದ್ರ ನೋಡ್ಬೇಕು ಅಂತ ನೀನೇ ಅಂದಿದ್ದೆ. ಆಮೇಲೆ ನಿನ್ನ ತಮ್ಮನ ಮದುವೆ, ಅವನ ಮಕ್ಕಳ ಮದುವೆ, ಮೊಮ್ಮಕ್ಕಳ ಮದುವೆ. ಇನ್ನೂ ನೂರು ವರ್ಷ ಕೂರ್ತೀಯ!”

“ಕತ್ತರಿಸ್ಲಾ?” ಎಂದಳು.

“ಬೇಡ.”

ಮೇಜಿನ ಮೇಲೆ ಎಣ್ಣೆಯ ಹನಿಯೊಂದು ದುಪ್ಪಟಿಗೆ ಇಳಿದು ಅಗಲವಾಗುತ್ತಿತ್ತು.

“ನಾನು ರೋಗಾನ ಗೆದ್ದೆ ಅಂತ ಬೀದಿಗೆಲ್ಲ ಹೇಳಿದ್ರಂತೆ. ಎದುರು ಮನೆಯಾಕೆ ಬಂದು ಸಂತೋಷ ಪಟ್ಕೊಂಡು ಹೋದ್ಲು. ಆ ಬಡಾಯಿನ ನನ್ನ ಹತ್ರ ಮಾತ್ರ ತರ್ಲಿಲ್ಲ ನೀವು. ಆವಾಗ್ಲೇ ಗೊತ್ತಾಯ್ತು.” ಉಸಿರು ತೆಗೆದುಕೊಳ್ಳಲು ತುಸು ನಿಂತಳು. “ನಂದು ಬಿಡ್ರಿ. ದೊಡ್ಡದು ಹಾಕಿ. ಒಂದ್ಸಲ ಗೆದ್ದು ಬನ್ನಿ. ಆಮೇಲೆ ರನ್‌ವೇನೂ ಇರಲ್ಲ.”

ಮೇಸ್ತ್ರಿ ಮೇಜಿನತ್ತ ತಿರುಗಿದ. ದೊಡ್ಡ ಕ್ಯಾಮಿಗೆ ಎಣ್ಣೆ ಸವರಿದ. ಒಂದೊಂದು ಉಬ್ಬಿನ ಮೇಲೂ ಹೆಬ್ಬೆರಳು ಆಡಿಸಿದ. ದುಪ್ಪಟಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಬಂದು, ಸಣ್ಣದನ್ನು ಎಂಜಿನ್ನಿನೊಳಕ್ಕೆ ಮೆಲ್ಲಗೆ ಜಾರಿಸಿದ.

“ಹಠಮಾರಿ,” ಎಂದಳು ಕಿಟಕಿಯಿಂದ.

ಭಾನುವಾರ ಬಾಮೈದ ಬಂದ. ಜಗಳ ತೆಗೆಯಲೆಂದೇ ಬಂದಿದ್ದ. ಭೂಮಿ ಆಕಾಶ ಒಂದು ಮಾಡುವಷ್ಟು ಮಾತು ಕಟ್ಟಿಕೊಂಡು ಬಂದಿದ್ದ. ಅಕ್ಕನನ್ನು ಭಾವ ಎತ್ತಿಕೊಂಡು ಕಾರಿನತ್ತ ತರುವುದನ್ನು ಕಂಡು, ಓಡಿಹೋಗಿ ಬಾಗಿಲು ತೆಗೆದ. ಅವಳ ಬೆನ್ನ ಹಿಂದೆ ದಿಂಬು ಇಟ್ಟ, ತೆಗೆದ, ತಟ್ಟಿ ಮತ್ತೆ ಇಟ್ಟ.

“ನೀನೂ ಬಾರೋ,” ಎಂದಳು.

“ನೀವಿಬ್ರೇ ಒಂದು ಸುತ್ತು ಹೋಗಿ ಬನ್ನಿ, ಅಕ್ಕ.”

ಅವಳು ಕಣ್ಣು ಮುಚ್ಚಿ ಒರಗಿದಳು. ತುಸು ಹೊತ್ತಿನ ಮೇಲೆ, “ಎಂಜಿನ್ ಶುರು ಮಾಡ್ರಿ, ಯಾಕೆ ಕಾಯ್ತಿದೀರಿ?” ಎಂದಳು.

“ಶುರುವಾಗಿ ಹತ್ತು ನಿಮಿಷ ಆಯ್ತು ಕಣೇ.”

ಕೈ ಚಾಚಿ ಮುಂದಿನ ಹಲಗೆಯ ಮೇಲೆ ಅಂಗೈ ಊರಿ ನೋಡಿದಳು; ಎಂಜಿನ್ನಿನ ಸಣ್ಣ ಅದುರು ಅಂಗೈಗೆ ತಾಕಿತು. “ಹತ್ತಲ್ಲ,” ಎಂದು ನಕ್ಕಳು. “ಎರಡು.”

ರನ್‌ವೇಗೆ ತಿರುಗುವ ದಾರಿ ಬಂದಾಗ ದೂರದಿಂದ ಎಂಜಿನ್ನುಗಳ ಆರ್ಭಟ ಕೇಳಿಸಿತು. ಅವನು ಅತ್ತ ನೋಡಲಿಲ್ಲ. ಪೇಟೆಯ ಕಡೆಗೆ, ಹಳ್ಳ ತಪ್ಪಿಸುತ್ತ, ಎತ್ತಿನ ಗಾಡಿಯೂ ನಾಚುವಷ್ಟು ನಿಧಾನವಾಗಿ ಓಡಿಸಿದ. ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಕಾರು ನಿಂತಿತು. ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಅವನಿಗೇ ತಿಳಿಯದಷ್ಟು ಸದ್ದಡಗಿತ್ತು.

ಅವಳ ತಲೆ ಅವನ ಹೆಗಲಿಗೆ ವಾಲಿತು. ನೋವಿನಲ್ಲಿ ರಾತ್ರಿಗಟ್ಟಲೆ ರೆಪ್ಪೆ ಮುಚ್ಚದಿದ್ದವಳು ಬಾಯಿ ತುಸು ತೆರೆದು, ಉಸಿರು ಏರಿ ಇಳಿಯುತ್ತ, ನಿದ್ದೆ ಹೋಗಿದ್ದಳು.

ಹಸಿರು ಬಿತ್ತು. ಹಿಂದೆ ಹಾರನ್ನುಗಳು ಒಂದರ ಮೇಲೊಂದು ಬಿದ್ದು ಅರಚಿದವು. ಮೇಸ್ತ್ರಿ ಗೇರಿಗೆ ಕೈ ಹಾಕಲಿಲ್ಲ. ಕಿಟಕಿಯಿಂದ ಬಲಗೈಯನ್ನು ಹೊರಗೆ ಚಾಚಿ, ಮುಂದೆ ಹೋಗಿ, ಮುಂದೆ ಹೋಗಿ ಎಂದು ಒಬ್ಬೊಬ್ಬರಿಗೂ ದಾರಿ ತೋರಿಸುತ್ತ ಕುಳಿತ.