ಹಬ್ಬಕ್ಕೆ ಬಂದವರು

ಕ್ರಿಸ್‌ಮಸ್ ಕಳೆದ ಮೇಲಿನ ಮೊದಲ ಪಗಾರದ ದಿನ ಮಾಣಿಕಪ್ಪ ಮನೆಗೆ ಬಂದವನು ಒಳಗೆ ಕಾಲಿಡಲಿಲ್ಲ. ಬಾಗಿಲ ಹೊರಗಿನ ಹಾಸುಗಲ್ಲಿನ ಮೇಲೆ ಕೂತು, ತಲೆಗೂ ಹುಬ್ಬಿಗೂ ಮೆತ್ತಿದ್ದ ಸಿಮೆಂಟಿನ ಧೂಳನ್ನು ಟವೆಲ್ಲಿನಿಂದ ಝಾಡಿಸಿದ. ಝಾಡಿಸಿದ ಮೇಲೂ ಕೂತೇ ಇದ್ದ. ಹೆಂಡತಿ ಸುಂದರಮ್ಮ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಾಗ ಅಂಗಿಯ ಕಿಸೆಯಿಂದ ನೋಟುಗಳನ್ನು ತೆಗೆದು ಅವಳ ಕೈಗಿಟ್ಟ. ಅವಳು ಎಣಿಸಲಿಲ್ಲ. ಹಿಡಿದ ಕೈಗೇ ಗೊತ್ತಾಯಿತು.

“ಇಷ್ಟೇ ಏನ್ರಿ?”

“ಹಬ್ಬಕ್ಕ ತಗೊಂಡಿದ್ದ ಅಡ್ವಾನ್ಸ್ ಮುರಕೊಂಡಾನ ಗುತ್ತೇದಾರ. ಯುಗಾದಿತನಕ ಹಿಂಗೇ ತಿಂಗಳಾ ಮುರಕೋತಾನಂತ.” ಮಾಣಿಕಪ್ಪ ನೀರು ಕುಡಿದು ತಂಬಿಗೆ ಕೆಳಗಿಟ್ಟ. “ಅದೊಂದೇ ಅಲ್ಲ. ಕರೆಂಟ್ ಸಾಲವಲ್ದು ಅಂತ ಒಂದು ಭಟ್ಟಿ ಬಂದ್ ಮಾಡ್ಯಾರ. ನಮ್ಮಂಥೋರಿಗೆ ಇನ್ನ ವಾರದಾಗ ಅರ್ಧ ಕೆಲಸ.”

ಅದು ಎಪ್ಪತ್ತನಾಲ್ಕರ ಜನವರಿ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ತುಂಬುವ ಕಡೆ ಮಾಣಿಕಪ್ಪ ಗುತ್ತೇದಾರನ ಕೈಕೆಳಗೆ ದುಡಿಯುತ್ತಿದ್ದ. ಕಾಯಂ ಆದವರಿಗೆ ಕ್ವಾರ್ಟರ್ಸ್ ಇದ್ದವು. ಇವನಿಗೆ ರೈಲು ಹಳಿಯ ಆಚೆ, ಗೋಡೆಯೂ ಕಲ್ಲು ಸೂರೂ ಕಲ್ಲು ಆದ ಒಂದೇ ಖೋಲಿಯ ಬಾಡಿಗೆ ಮನೆ. ಅದರೊಳಗೆ ಈಗ ಏಳು ಜನ ಇದ್ದರು. ಹಬ್ಬಕ್ಕೆ ಮೊದಲು ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಾಲ್ಕೇ ಜನ.

ಹೆಚ್ಚಾದ ಮೂವರೆಂದರೆ ಮಾಣಿಕಪ್ಪನ ತಂಗಿ ಅನಸುಬಾಯಿ, ಅವಳ ಮಗಳು ದೀನಮ್ಮ, ಇನ್ನೂ ಮಾತು ಸ್ಪಷ್ಟವಿಲ್ಲದ ಒಂದು ಕೂಸು. ಅನಸುಬಾಯಿಯ ಗಂಡ ನಾಮದೇವ ಶಹಾಬಾದಿನ ಫರಸಿಕಲ್ಲಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು. ಕೆಮ್ಮಿ ಕೆಮ್ಮಿ, ಕೊನೆಗೆ ಕೆಮ್ಮುವುದಕ್ಕೂ ಉಸಿರಿಲ್ಲದೆ, ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡಿದ್ದ. ಆ ವರ್ಷ ತಂಗಿಯ ಮಕ್ಕಳಿಗೆ ತಂದೆಯಿಲ್ಲವೆಂದು ಹಬ್ಬ ತಪ್ಪಬಾರದು ಎಂದು ಮಾಣಿಕಪ್ಪ ಹಟ ಹಿಡಿದ. ಅಡ್ವಾನ್ಸ್ ತೆಗೆದ. ನಾಲ್ಕೂ ಮಕ್ಕಳಿಗೆ ಹೊಸ ಅರಿವೆ, ಎರಡು ಸೀರೆ, ಮಟನ್ನು, ಎಣ್ಣೆ, ಬೆಲ್ಲ. ಅವನೊಬ್ಬನದೇ ತಪ್ಪು ಎನ್ನುವಂತಿಲ್ಲ. “ಅನಸೂಗೂ ನನ್ನಂಥದೇ ಸೀರಿ ತರ್ರಿ, ಕಮ್ಮಿದು ಬ್ಯಾಡ” ಎಂದವಳು ಸುಂದರಮ್ಮನೇ. ಇಬ್ಬರೂ ಒಂದೇ ಅಂಚಿನ ಸೀರೆ ಉಟ್ಟು ಚರ್ಚಿನಲ್ಲಿ ಪಕ್ಕಪಕ್ಕ ನಿಂತು ಹಾಡಿದ್ದರು. ಊಟಕ್ಕೆ ಓಣಿಯೆಲ್ಲ ಬಂದಿತ್ತು. ಕ್ರಿಸ್‌ಮಸ್ಸಿಗೆ ದೊಡ್ಡ ದಿನ ಎಂಬರ್ಥದಲ್ಲಿ ಬಡಾದಿನ ಎನ್ನುತ್ತಿದ್ದ ಪಕ್ಕದ ಮನೆಯ ಬಳೆಗಾರ್ತಿ ಸೈದಾನಬಿ, “ಈ ಸಲದ ನಿಮ್ಮ ಬಡಾದಿನ ಖರೇ ಬಡಾದಿನ ನೋಡವ್ವ” ಎಂದು ಕರ್ಚಿಕಾಯಿ ಕಟ್ಟಿಸಿಕೊಂಡು ಹೋಗಿದ್ದಳು.

ಆದರೆ ಸ್ಟೇಷನ್ನಿನಲ್ಲಿ ಅನಸುಬಾಯಿ ರೈಲಿನಿಂದ ಇಳಿದಾಗಲೇ ಸುಂದರಮ್ಮ ನೋಡಿದ್ದಳು. ಹಬ್ಬಕ್ಕೆ ಬರುವವರು ತಗಡಿನ ಟ್ರಂಕು, ಹಾಸಿಗೆಯ ಸುರುಳಿ, ರೊಟ್ಟಿಯ ಹಂಚು ಹೊತ್ತು ಬರುವುದಿಲ್ಲ. ನೋಡಿಯೂ ಕೇಳಲಿಲ್ಲ. ಹೊಸ ವರ್ಷದ ಪ್ರಾರ್ಥನೆ ಮುಗಿಯಿತು, ಶಾಲೆ ಶುರುವಾಯಿತು. ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಶಹಾಬಾದಿನ ಖೋಲಿಯನ್ನು ಮಾಲೀಕ ಬೇರೆಯವರಿಗೆ ಕೊಟ್ಟಾಗಿತ್ತು.

ಪಗಾರ ಬಂದ ಮರುದಿನದಿಂದ ಸುಂದರಮ್ಮ ಮನೆಯನ್ನು ಬಿಗಿಯತೊಡಗಿದಳು. ಹಾಲು ನಿಂತಿತು, ಚಹಾ ಕರಿಯಾಯಿತು. ಆಮೇಲೆ ಚಹಾವೂ ಬೆಳಿಗ್ಗೆ ಗಂಡಸಿಗೆ ಮಾತ್ರ. ತೊಗರಿಬೇಳೆಯ ಬದಲು ಪುಂಡಿಪಲ್ಯ, ಅದರಲ್ಲೂ ನುಚ್ಚು ಹೆಚ್ಚು. ಸಂಜೆಯ ರೊಟ್ಟಿ ಹೋಗಿ ಅಂಬಲಿ ಬಂತು. ಜೋಳ ಆ ವರ್ಷ ಯಾವತ್ತೂ ಕಾಣದಷ್ಟು ತುಟ್ಟಿಯಾಗಿತ್ತು. ರೇಷನ್ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಕಾರ್ಡಿನಲ್ಲಿದ್ದ ನಾಲ್ವರಿಗೆ ಮಾತ್ರ. ಕಿರಾಣಿಯ ಗೊಲ್ಲಾಳಪ್ಪ ಒಳ್ಳೆಯವನೇ, ಕೆಟ್ಟ ಮಾತಾಡಲಿಲ್ಲ.

“ಅವ್ವ, ಹಬ್ಬದ ಉದ್ರಿ ಇನ್ನೂ ಹಂಗೇ ಅದ. ಅದರ ಮ್ಯಾಲ ಬರಿಬ್ಯಾಡ ಅಂತ ನಮ್ಮಪ್ಪ ಹೇಳ್ಯಾನ. ರೊಕ್ಕ ತಂದ್ರ ಬೇಕಾದಷ್ಟು ಒಯ್ಯಿರಿ” ಎಂದು ತಕ್ಕಡಿಯನ್ನು ಒರೆಸುತ್ತ ಹೇಳಿದ. ಅವನ ಅಪ್ಪ ಸತ್ತು ವರ್ಷಗಳಾಗಿದ್ದವು. ಇಬ್ಬರಿಗೂ ಅದು ಗೊತ್ತಿತ್ತು.

ಸುಂದರಮ್ಮ ಒಂದೇ ಸಲ ಉಟ್ಟ ಹಬ್ಬದ ಸೀರೆಯನ್ನು ಮಡಚಿ ಸೈದಾನಬಿಯ ಹತ್ತಿರ ಒಯ್ದಳು. ಬಳೆ ಮಾರಲು ಕ್ವಾರ್ಟರ್ಸಿಗೆ ಹೋಗುವಾಗ ಯಾರಿಗಾದರೂ ತೋರಿಸು ಎಂದಳು. ಅರ್ಧ ಬೆಲೆಗೆ ಹೋಯಿತು. ಆ ದಿನ ಮಧ್ಯಾಹ್ನ ಅನಸುಬಾಯಿ ತನ್ನ ಸೀರೆಯನ್ನೂ ತಂದು ಅವಳ ಮುಂದಿಟ್ಟಳು.

“ವೈನಿ, ನಂದೂ ಒಯ್ಯು.”

“ಬ್ಯಾಡ ಬಿಡು. ನಿಮ್ಮಣ್ಣ ತಂದದ್ದು.”

“ನಾ ಎಲ್ಲಿಗಿ ಉಟಗೊಂಡು ಹೋಗಬೇಕದ? ಒಯ್ಯು.”

ಇನ್ನೊಂದು ಸಲ ಬೇಡ ಎನ್ನಬೇಕಿತ್ತು. ಸುಂದರಮ್ಮ ಸೀರೆ ತೆಗೆದುಕೊಂಡಳು. ಭಾನುವಾರ ಚರ್ಚಿಗೆ ಹೊರಟಾಗ ತಂಗಿ ಹಳೆಯ, ಸೆರಗು ಹೊಲಿದ ಸೀರೆಯಲ್ಲಿ ಇದ್ದುದನ್ನು ಮಾಣಿಕಪ್ಪ ನೋಡಿದ. ಹೆಂಡತಿಯನ್ನೂ ನೋಡಿದ. ಮುಂದೆ ನಡೆದ.

ಅನಸುಬಾಯಿ ಸುಮ್ಮನೆ ಕೂತು ಉಣ್ಣುವವಳಲ್ಲ. ಎಲ್ಲರಿಗಿಂತ ಮೊದಲು ಎದ್ದು ನಳಕ್ಕೆ ಹೋಗುತ್ತಿದ್ದಳು. ಹಳಿಯ ಬದಿಯಲ್ಲಿ ಬಿದ್ದ ಕಲ್ಲಿದ್ದಲಿನ ಚೂರು ಆರಿಸಿ ತರುತ್ತಿದ್ದಳು. ಕ್ವಾರ್ಟರ್ಸಿನ ಮನೆಮನೆಗೆ ಹೋಗಿ ಮುಸುರೆ ತಿಕ್ಕುವ ಕೆಲಸ ಕೇಳಿದಳು. ಭಟ್ಟಿ ನಿಂತ ಮೇಲೆ ಅದೇ ಕೆಲಸ ಕೇಳುವ ಹೆಂಗಸರು ಅಲ್ಲಿ ಬಾಗಿಲಿಗೊಬ್ಬರಿದ್ದರು. ಅವಳು ಮಾಡುತ್ತಿದ್ದ ಕೆಲಸವೆಲ್ಲ ಕಂಡಷ್ಟೂ ಸುಂದರಮ್ಮನಿಗೆ ಸಿಟ್ಟು ಏರುತ್ತಿತ್ತು. ಜಗಳ ತೆಗೆಯಲಿಕ್ಕೆ ಒಂದು ಕಾರಣವನ್ನಾದರೂ ಈಕೆ ಕೊಡಬಾರದೆ ಎನಿಸುತ್ತಿತ್ತು.

ತಿಂಗಳ ನಡುವೆ ಒಂದು ದಿನ ಸುಂದರಮ್ಮ ಹಿತ್ತಿಲ ಕಡೆಯಿಂದ ಬರುತ್ತಿದ್ದಾಗ ಗೋಡೆಯ ಆಚೆ ಅನಸುಬಾಯಿಯ ದನಿ ಕೇಳಿಸಿತು. ಮಗಳ ಜಡೆ ಹೆಣೆಯುತ್ತ ಮೆಲ್ಲಗೆ ಹೇಳುತ್ತಿದ್ದಳು:

“ಅತ್ತಿ ಎರಡನೇ ರೊಟ್ಟಿ ಹಾಕಾಕ ಬಂದ್ರ ಸಾಕನ್ನು. ಹಸಿವಿಲ್ಲನ್ನು. ತಿಳೀತಿಲ್ಲೊ?”

“ಹಸಿವಾದ್ರ?”

“ನೀರು ಕುಡಿ.”

ಅಂದು ಮಧ್ಯಾಹ್ನ ಮಕ್ಕಳನ್ನು ಸಾಲಾಗಿ ಕೂರಿಸಿ ರೊಟ್ಟಿ ಹಾಕುವಾಗ ಸುಂದರಮ್ಮನ ಮಗಳು ಎಸ್ತೇರ ಎರಡನೆಯದನ್ನು ಕೇಳಿ ಹಾಕಿಸಿಕೊಂಡಳು. ದೀನಮ್ಮನ ಮುಂದೆ ಸುಂದರಮ್ಮ ರೊಟ್ಟಿ ಹಿಡಿದು ಬಾಗಿದಳು. ಹುಡುಗಿ ತಾಟಿನ ಮೇಲೆ ಕೈ ಅಡ್ಡ ಇಟ್ಟಳು.

“ನಂಗ ಹಸಿವಿಲ್ಲತ್ತಿ.”

ಹೇಳುವಾಗ ಅವಳ ಕಣ್ಣು ರೊಟ್ಟಿಯ ಮೇಲಿತ್ತು. ಸುಂದರಮ್ಮ ಬಾಗಿದವಳು ಹಾಗೇ ಒಂದು ಗಳಿಗೆ ನಿಂತಳು. ಕೈ ಸರಿಸಿ ತಾಟಿಗೆ ಹಾಕಿಬಿಡಬಹುದಿತ್ತು. ಇನ್ಯಾರದೋ ಮಗುವಾಗಿದ್ದರೆ ಹಾಕುತ್ತಿದ್ದಳೇನೋ. ಆ ರೊಟ್ಟಿ ಉಳಿದರೆ ನಾಳೆ ಗಂಡನ ಬುತ್ತಿಗೆ ಆಗುತ್ತದೆ ಎಂಬ ಲೆಕ್ಕ ಅವಳ ತಲೆಯಲ್ಲಿ ಆಗಲೇ ಮುಗಿದಿತ್ತು. ರೊಟ್ಟಿಯನ್ನು ಬುಟ್ಟಿಗೆ ವಾಪಸು ಹಾಕಿ ಬಟ್ಟೆ ಮುಚ್ಚಿದಳು. ಒಲೆಯ ಹತ್ತಿರ ಕೂತಿದ್ದ ಅನಸುಬಾಯಿ ಇದನ್ನೆಲ್ಲ ನೋಡುತ್ತಿದ್ದಳು. ನೋಡಿ, ತಲೆ ಬಗ್ಗಿಸಿ, ಇನ್ನೊಂದು ಹಿಟ್ಟಿನ ಉಂಡೆಯನ್ನು ಬಡಿಯತೊಡಗಿದಳು.

ಅದಾದ ಮೇಲೆ ದೀನಮ್ಮ ದಿನವೂ ಹಸಿವಿಲ್ಲ ಅಂದಳು. ಸುಂದರಮ್ಮ ದಿನವೂ ನಂಬಿದಳು.

ತಿಂಗಳ ಕೊನೆಯ ವಾರ ಅನಸುಬಾಯಿ ಅಣ್ಣನ ಮುಂದೆ ಬಂದು ನಿಂತಳು. ಅಂದು ಅವನಿಗೆ ಕೆಲಸ ಇರಲಿಲ್ಲ. ಹರಿದ ಚಪ್ಪಲಿ ಹೊಲಿಯುತ್ತ ಕೂತಿದ್ದ.

“ಅಣ್ಣ, ನಾ ಶಹಾಬಾದಿಗಿ ಹೊಂಟೀನಿ. ಗಣಿ ಮುಕಾದಮ ಹೇಳಿ ಕಳಸ್ಯಾನ. ಹೆಣ್ಣಾಳಿಗಿ ಕಲ್ಲು ಹೊರೋ ಕೆಲಸ ಅದ ಅಂತ. ಇರಾಕ ಅಲ್ಲೇ ಒಂದು ಜೋಪಡಿ ಕೊಡ್ತಾನಂತ.”

ಮಾಣಿಕಪ್ಪನ ಕೈಯಲ್ಲಿನ ಸೂಜಿ ನಿಂತಿತು. “ಯಾವ ಗಣಿ? ಅದೇ ಗಣಿ ಏನು?”

“ಮತ್ತ್ಯಾವದು?”

“ನಾಮದೇವನ್ನ ತಿಂದದ್ದು ಸಾಲಲಿಲ್ಲಾ ಅದಕ್ಕ? ನಾ ಇರೋತನಕ ನಿನ್ನ ಅಲ್ಲಿಗಿ ಕಳಸಂಗಿಲ್ಲ.”

“ಇಲ್ಲಿ ಕುಂತು ಏನ್ ಮಾಡ್ಲಿ ಅಣ್ಣ? ನಿನ್ನ ಮಕ್ಕಳ ಬಾಯಾಗಿಂದು ತಗದು ನನ್ನ ಮಕ್ಕಳಿಗಿ ಹಾಕಾಕತ್ತೀದಿ. ಎಷ್ಟು ದಿನ?”

ಮಾಣಿಕಪ್ಪ ಹೆಂಡತಿಯ ಕಡೆ ತಿರುಗಿದ. ಅವನು ಕಾಯುತ್ತಿದ್ದಾನೆಂದು ಸುಂದರಮ್ಮನಿಗೆ ತಿಳಿಯಿತು. ‘ಹೋಗಬ್ಯಾಡ ಅನಸೂ’ ಎಂದು ಅವಳು ಅಂದರೆ ಮುಗಿಯಿತು, ಅವಳೊಬ್ಬಳ ಮಾತು ಅಷ್ಟೇ ಬೇಕಿತ್ತು. ಅನಸುಬಾಯಿಯೂ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು. ಸುಂದರಮ್ಮ ಒಲೆಯ ಮುಂದೆ ಬಾಗಿ ಊದುಗೊಳವೆಗೆ ಬಾಯಿ ಹಚ್ಚಿದಳು. ಕಲ್ಲಿದ್ದಲು ಹೊತ್ತಿಕೊಂಡೇ ಇತ್ತು. ಆದರೂ ಊದಿದಳು, ಕಣ್ಣಲ್ಲಿ ನೀರು ಬರುವವರೆಗೆ ಊದಿದಳು. ತಲೆಯೆತ್ತಿ ನೋಡಿದಾಗ ಅನಸುಬಾಯಿ ಟ್ರಂಕಿನ ಮುಂದೆ ಕೂತಿದ್ದಳು. ಮಾಣಿಕಪ್ಪ ಹೊರಗೆ ಹೋಗಿದ್ದ.

ಎರಡು ದಿನದ ಮೇಲೆ ಬೆಳಗಿನ ಪ್ಯಾಸೆಂಜರಿಗೆ ಅವರು ಹೊರಟರು. ಟ್ರಂಕನ್ನು ಮಾಣಿಕಪ್ಪ ಹೊತ್ತ. ಸುಂದರಮ್ಮ ರೊಟ್ಟಿ ಕಟ್ಟಿದ್ದಳು, ಮೆಣಸಿನಕಾಯಿಯ ಕೆಂಪುಹಿಂಡಿಯನ್ನೂ ಇಟ್ಟಿದ್ದಳು. ಅವತ್ತು ಎಣಿಸದೆ ಕಟ್ಟಿದ್ದಳು. ಸೈದಾನಬಿ ಬಂದು ದೀನಮ್ಮನ ಕೈಗೆ ಒಂದು ಡಜನ್ ಗಾಜಿನ ಬಳೆ ಏರಿಸಿ, ರೊಕ್ಕ ಕೇಳದೆ ಹೋದಳು.

“ಶಾಲಿ ಬಿಡಿಸಬ್ಯಾಡ ಇಕಿನ್ನ” ಎಂದಳು ಸುಂದರಮ್ಮ, ರೈಲು ಬರುವ ಮೊದಲು.

“ಹೂಂ ವೈನಿ.”

“ಬ್ಯಾಸಿಗಿ ಕಳದ್ರ ಎಲ್ಲಾ ಸರಿ ಆಗ್ತದ. ಕರೆಂಟ್ ಬಂದ್ರ ಭಟ್ಟಿ ಚಾಲೂ ಆಗ್ತದ. ಆವಾಗ ಬಾ.”

ಅನಸುಬಾಯಿ ಅದಕ್ಕೂ ಹೂಂ ಅಂದಳು. ದೀನಮ್ಮ ಕಿಟಕಿಯಲ್ಲಿ ಕೂತು, “ಅತ್ತಿ, ಮುಂದಿನ ಹಬ್ಬಕ್ಕ ನಾವು ಬರಬೇಕಾ, ಬರಬಾರ್ದಾ?” ಎಂದು ಕೇಳಿದಳು. ತಿಳಿದುಕೊಳ್ಳಲೆಂದು ಕೇಳಿದ ಮಾತು ಅದು, ಬೇರೇನೂ ಅದರಲ್ಲಿರಲಿಲ್ಲ. ಸುಂದರಮ್ಮ ಬಾಯಿ ತೆರೆಯುವಷ್ಟರಲ್ಲಿ ರೈಲು ಕದಲಿತು.

ಮನೆಗೆ ಬಂದಾಗ ಖೋಲಿ ದೊಡ್ಡದಾಗಿ ಕಂಡಿತು. ಸುಂದರಮ್ಮನಿಗೆ ಮೊದಲು ಆದದ್ದು ನಿರಾಳ. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಶನಿವಾರದವರೆಗೆ ಬರುತ್ತದೆ ಎನಿಸಿತು. ಆ ನಿರಾಳ ಎದೆಯೊಳಗೆ ಇಳಿಯುತ್ತಿರುವಾಗಲೇ ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು. ಡಬ್ಬಿ ಮುಚ್ಚಿ ಅಲ್ಲೇ ಕೂತಳು.

ಹಿಟ್ಟು ಶನಿವಾರದವರೆಗೆ ಬಂತು. ಆದರೆ ಅದರ ಮುಂದಿನ ಪಗಾರ ಬಂದಾಗ ಅರ್ಧ ತಿಂಗಳ ಕೆಲಸದ ರೊಕ್ಕದಲ್ಲಿ ಅಡ್ವಾನ್ಸ್ ಮುರಿದು ಉಳಿದದ್ದು ಬಾಡಿಗೆಗೆ ಸರಿಹೋಯಿತು. ಮಾಣಿಕಪ್ಪ ಅದನ್ನು ಈ ಸಲ ಅವಳ ಕೈಗೆ ಕೊಡಲಿಲ್ಲ, ಗೋಡೆಯ ಗೂಡಿನಲ್ಲಿಟ್ಟು ಹೋದ. ಮೂರು ಹೊಟ್ಟೆ ಕಡಿಮೆಯಾದರೂ ಉಳಿದ ನಾಲ್ಕು ತುಂಬಲಿಲ್ಲ. ಹಾಲು ಮತ್ತೆ ಬರಲಿಲ್ಲ. ಮಾರ್ಚಿನಲ್ಲಿ ಎರಡನೆಯ ಭಟ್ಟಿಯೂ ನಿಂತಿತು. ಗುತ್ತೇದಾರ ತನ್ನ ಆಳುಗಳಿಗೆ, ಹೇಳಿ ಕಳಿಸುವವರೆಗೆ ಬರಬೇಡಿ ಎಂದ. ಶಹಾಬಾದಿನಿಂದ ಬಂದ ಲೈನ್‌ಮನ್ ಒಬ್ಬ, ದೀನಮ್ಮನೂ ತಾಯಿಯ ಹಿಂದೆ ಬುಟ್ಟಿ ಹೊರುವುದನ್ನು ನೋಡಿದೆ ಎಂದು ಹೇಳಿದ. ತಾಯಿಗೆ ಆಗಲೇ ಕೆಮ್ಮು ಹಿಡಿದಿತ್ತಂತೆ.

ಆ ಸಂಜೆ ಸುಂದರಮ್ಮ ಗಂಡನ ಎದುರು ಕೂತು, ಜನವರಿಯಿಂದ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಕೊನೆಗೂ ಹೇಳಿದಳು.

“ಏನ್ರಿ, ಅನಸೂನ್ನ ಕರಕೊಂಡು ಬರ್ರಿ.”

ಮಾಣಿಕಪ್ಪ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಷ್ಟೇ ಇತ್ತು.

“ಕರಕೊಂಡು ಬಂದು?” ಎಂದ. “ಏನ್ ಹಾಕ್ತಿ?”

ನಳದ ನೀರು ಬರುವ ಹೊತ್ತಾಗಿತ್ತು. ಎಸ್ತೇರಳನ್ನು ಕರೆದುಕೊಂಡು, ಕೊಡಗಳನ್ನು ಎತ್ತಿಕೊಂಡು ಸುಂದರಮ್ಮ ಹೊರಗೆ ಹೋದಳು.